ಘಾಟ್ಕೋಪರಿನಲ್ಲಿ ಏಳದ ದಿನ

ಲೋಕಲ್ ರೈಲಿನ ನಮ್ಮ ಡಬ್ಬಿಯಲ್ಲಿ ಒಂದು ಕಾನೂನಿತ್ತು. ಅದನ್ನು ಮಾಡಿದವನು ನಾನೇ. ಮುಲುಂಡಿನಲ್ಲಿ ಹತ್ತಿ ಕೂರಲು ಜಾಗ ಗಿಟ್ಟಿಸಿಕೊಂಡವರು ಘಾಟ್ಕೋಪರ್ ಬರುತ್ತಲೇ ಎದ್ದು, ಭಾಂಡುಪ್‌ನಲ್ಲೋ ವಿಕ್ರೋಲಿಯಲ್ಲೋ ಹತ್ತಿ ಅಷ್ಟು ಹೊತ್ತು ನಿಂತಿದ್ದವರಿಗೆ ಜಾಗ ಬಿಟ್ಟುಕೊಡಬೇಕು. ಅಲ್ಲಿಂದ ಕೊನೆಯ ಸ್ಟೇಷನ್ ವಿ.ಟಿ.ವರೆಗೆ ಅವರು ಕೂರುತ್ತಾರೆ, ನಾವು ನಿಲ್ಲುತ್ತೇವೆ. ಎಪ್ಪತ್ತರ ದಶಕದ ಬೆಳಗಿನ ಲೋಕಲ್‌ನಲ್ಲಿ ಇಂಥ ಏರ್ಪಾಡು ಹಲವು ಗುಂಪುಗಳಲ್ಲಿತ್ತು. ಆದರೆ ನಮ್ಮಲ್ಲಿದ್ದಷ್ಟು ಕಟ್ಟುನಿಟ್ಟು ಬೇರೆಲ್ಲೂ ಇರಲಿಲ್ಲ. ಘಾಟ್ಕೋಪರ್ ಹತ್ತಿರವಾಗುತ್ತಲೇ ಕಣ್ಣು ಮುಚ್ಚಿ ನಿದ್ದೆಯ ನಾಟಕ ಹೂಡುವವರನ್ನು ನಾನು ಭುಜ ಹಿಡಿದು ಅಲುಗಿಸುತ್ತಿದ್ದೆ. ಪೇಪರಿನ ಹಿಂದೆ ಅಡಗಿದವರ ಪೇಪರನ್ನೇ ಕಿತ್ತುಕೊಳ್ಳುತ್ತಿದ್ದೆ. ನನಗೆ ಅವರೆಲ್ಲ ಹಿಂದಿನಿಂದ ‘ಹವಾಲ್ದಾರ್’ ಎನ್ನುತ್ತಿದ್ದರೆಂದು ಗೊತ್ತಿತ್ತು, ಸಂತೋಷವೂ ಆಗುತ್ತಿತ್ತು.

ನಾನು ಮೈಸೂರು ಕಡೆಯವನು, ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತ. ನಾನು ಎದ್ದ ಜಾಗದಲ್ಲಿ ಕೂರುತ್ತಿದ್ದವರು ಭಾಂಡುಪ್‌ನಲ್ಲಿ ಹತ್ತುವ ಗದಗ ಕಡೆಯ ಒಬ್ಬ ಫಿಟ್ಟರ್. ನನಗಿಂತ ಕಿರಿಯರು, ರಾತ್ರಿ ಪಾಳಿಯಿದ್ದ ವಾರ ಬಿಟ್ಟರೆ ದಿನಾ ನಮ್ಮೊಟ್ಟಿಗೇ ಬರುತ್ತಿದ್ದರು. ನನ್ನ ಪಕ್ಕದಲ್ಲಿ ಕೂರುತ್ತಿದ್ದವರು ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಮರಾಠಿ ಗೃಹಸ್ಥರು, ಮುಲುಂಡಿನಲ್ಲಿ ನಮ್ಮ ಬಿಲ್ಡಿಂಗಿನ ಹಿಂದಿನ ಗಲ್ಲಿಯವರು. ವರ್ಷಗಟ್ಟಲೆ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಹೋದರೂ ಒಬ್ಬರು ಇನ್ನೊಬ್ಬರ ಮನೆಯ ಹೊಸಿಲು ತುಳಿದಿರಲಿಲ್ಲ. ಲೋಕಲ್ಲಿನ ಸ್ನೇಹ ಸ್ಟೇಷನ್ನಿನ ಸೇತುವೆಯಲ್ಲಿ ಮುಗಿದುಹೋಗುತ್ತಿತ್ತು.

ಆ ವರ್ಷ ಮಳೆಗಾಲ ಕಳೆದ ಮೇಲೆ ನನಗೆ ಎಡಗೈ ನೋಯತೊಡಗಿತು. ಭುಜದಿಂದ ಮೊಣಕೈವರೆಗೆ ಯಾರೋ ಹಿಂಡಿದ ಹಾಗೆ. ಕಾರಣ ಹುಡುಕಲು ನನಗೆ ಕಷ್ಟವೇನೂ ಆಗಲಿಲ್ಲ. ಘಾಟ್ಕೋಪರಿನಿಂದ ವಿ.ಟಿ.ವರೆಗೆ ಮೇಲಿನ ಹಿಡಿಕೆಗೆ ಜೋತುಬೀಳುವುದು ಎಡಗೈಯಲ್ಲೇ, ಬಲಗೈಯಲ್ಲಿ ಊಟದ ಡಬ್ಬಿಯ ಚೀಲ. ಇಷ್ಟು ವರ್ಷ ನೇತಾಡಿದ ಕೈ ನೋಯದೆ ಇನ್ನೇನು ಮಾಡೀತು? ನಮ್ಮ ಗುಂಪಿನಲ್ಲಿ ಅದಕ್ಕೆ ‘ಹಿಡಿಕೆ ನೋವು’ ಎಂದೇ ಹೆಸರಿತ್ತು. ಒಬ್ಬರಲ್ಲ ಒಬ್ಬರಿಗೆ ಅದು ಇದ್ದೇ ಇರುತ್ತಿತ್ತು. ಎಲ್ಲರೂ ತಮಗೆ ತಿಳಿದ ಎಣ್ಣೆಯ ಹೆಸರು ಹೇಳಿದರು. ನಾನು ಬುದ್ಧಿವಂತಿಕೆ ಮಾಡಿ ಚೀಲವನ್ನು ಎಡಗೈಗೆ ವರ್ಗಾಯಿಸಿ, ಬಲಗೈಯಲ್ಲಿ ಹಿಡಿಕೆ ಹಿಡಿದೆ.

ನೋವು ಮಾತ್ರ ಎಡಗೈಯಲ್ಲೇ ಉಳಿಯಿತು. ಈಗ ಅದಕ್ಕೆ ಚೀಲ ಕಾರಣವೆಂದೆ.

ಹೆಂಡತಿ ಎಣ್ಣೆ ತಿಕ್ಕುತ್ತ ಒಂದು ಸಂಜೆ ಕೇಳಿದಳು, "ಕೈ ಬದಲಾಯಿಸಿದ್ರೂ ನೋವು ಬದಲಾಗ್ಲಿಲ್ವಲ್ರೀ. ಒಂದ್ಸಲ ಡಾಕ್ಟರಿಗೆ ತೋರಿಸಬಾರದಾ?"

ಡಾಕ್ಟರು ಬೆಳಗ್ಗೆ ಎದ್ದು ನಡೀರಿ ಅಂತಾರೆ, ನಾನು ದಿನಾ ಸ್ಟೇಷನ್ನಿಗೆ ಓಡ್ತೀನಿ, ಇನ್ನೇನು ಬೇಕು ಎಂದು ಅವಳ ಬಾಯಿ ಮುಚ್ಚಿಸಿದೆ. ಆದರೆ ಆ ಓಟದಲ್ಲೇ ಏನೋ ಎಡವಟ್ಟಾಗುತ್ತಿತ್ತು. ಸ್ಟೇಷನ್ನಿನ ಸೇತುವೆ ಹತ್ತುವಾಗ ಎದೆಯ ನಡುವೆ ಭಾರ ಕೂತಂತಾಗಿ ಉಸಿರಿಗಾಗಿ ನಿಲ್ಲಬೇಕಾಗುತ್ತಿತ್ತು. ಅದು ವಾಯು ಎಂದು ತೀರ್ಮಾನಿಸಿದೆ. ಮನೆಯಲ್ಲಿ ಓಮದ ಕಷಾಯ, ಪ್ಲಾಟ್‌ಫಾರ್ಮಿನಲ್ಲಿ ಸೋಡಾ. ಕುಡಿದು ಒಂದು ತೇಗು ಬಂದರೆ ಸಾಕು, ನಾನು ಮಾಡಿಕೊಂಡ ವೈದ್ಯ ನನಗೇ ಒಪ್ಪಿಗೆಯಾಗುತ್ತಿತ್ತು. ಭಾರ ಇಳಿಯುತ್ತಿದ್ದುದು ಸೋಡಾದಿಂದಲ್ಲ, ಅಷ್ಟು ಹೊತ್ತು ನಿಂತದ್ದರಿಂದ ಎಂಬುದು ಹೊಳೆಯಲಿಲ್ಲ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಇಷ್ಟು ಸಾಲದೆಂಬಂತೆ ನೋವು ದವಡೆಗೂ ಏರಿತು. ಇದಂತೂ ಹಲ್ಲೇ ಎಂದು ನೇರವಾಗಿ ಹಲ್ಲಿನ ಡಾಕ್ಟರ ಬಳಿ ಹೋದೆ. ಅವರು ಕುಟ್ಟಿ ನೋಡಿ, ಹಲ್ಲು ಗಟ್ಟಿಯಾಗಿದೆಯಲ್ಲ ಎಂದರು. ನಾನು ಬಿಡಲಿಲ್ಲ, ನೋವು ನನ್ನದು, ನಿಮ್ಮದಲ್ಲ ಎಂದು ಜಗಳಕ್ಕೇ ನಿಂತೆ. ಕೊನೆಗೆ ಬೇಸತ್ತು ಕಿತ್ತುಕೊಟ್ಟರು. ಏನೂ ಪಾಪ ಮಾಡದ ಒಳ್ಳೆಯ ದವಡೆಹಲ್ಲು ಅದು. ಇಂದಿಗೂ ಚಕ್ಕುಲಿ ತಿನ್ನುವಾಗ ಅದರ ನೆನಪಾಗುತ್ತದೆ.

ಆ ದಿನ ಬೆಳಗ್ಗೆ ಗಾಡಿ ಹಿಡಿಯಲು ಸೇತುವೆಯ ಮೇಲೆ ಎಂದಿನಂತೆ ಓಡಿದೆ. ಜಾಗವೂ ಸಿಕ್ಕಿತು. ಕೂತ ಮೇಲೆ ಇಳಿಯಬೇಕಾದ ಭಾರ ಇಳಿಯಲಿಲ್ಲ. ಪಕ್ಕದ ಮರಾಠಿ ಗೃಹಸ್ಥರು ಏನೋ ಆಫೀಸಿನ ಸುದ್ದಿ ಹೇಳುತ್ತಿದ್ದರು. ಅವರ ದನಿ ಬಾವಿಯೊಳಗಿಂದ ಬಂದಂತಿತ್ತು. ಭಾಂಡುಪ್‌ನಲ್ಲಿ ಫಿಟ್ಟರ್ ಹತ್ತಿ ಎದುರಿಗೆ ನಿಂತು ನಮಸ್ಕಾರ ಹೇಳಿದರು. ನಾನು ತಲೆಯಾಡಿಸಿದೆನೋ ಇಲ್ಲವೋ ನೆನಪಿಲ್ಲ. ಇಷ್ಟೆಲ್ಲ ಆಗುತ್ತಿದ್ದರೂ ನನಗೆ ಇದ್ದ ಚಿಂತೆ ಒಂದೇ: ಘಾಟ್ಕೋಪರ್ ಬರುತ್ತಿದೆ, ಏಳಬೇಕು.

ಘಾಟ್ಕೋಪರ್ ಬಂತು. ಏಳಲು ನೋಡಿದೆ. ಕಾಲು ನನ್ನ ಮಾತು ಕೇಳಲಿಲ್ಲ.

ಡಬ್ಬಿಯಲ್ಲಿ ನಗೆಯೆದ್ದಿತು. ಹವಾಲ್ದಾರರೇ ಕಾನೂನು ಮುರಿದರು, ದಂಡ ಹಾಕಿ ಎಂದು ಯಾರೋ ಹಿಂದಿಯಲ್ಲಿ ಕೂಗಿದರು. ಎಷ್ಟೋ ವರ್ಷದಿಂದ ನನ್ನ ಕೈಲಿ ಅಲುಗಿಸಿಕೊಂಡವರಿಗೆ ಅದೊಂದು ಹಬ್ಬವಾಗಿತ್ತು, ಅವರದೇನು ತಪ್ಪು? ನಗದೇ ಇದ್ದವರು ಫಿಟ್ಟರ್ ಒಬ್ಬರೇ. ಅವರು ಬಗ್ಗಿ ನನ್ನ ಮುಖ ನೋಡಿದರು.

"ಯಜಮಾನ್ರ, ನೀವು ಏಳಲಾರದ ಮಂದಿ ಅಲ್ಲ," ಎಂದರು. "ಅಂಗಿ ಎಲ್ಲ ತೊಯ್ದೈತಿ. ಏನಾಗೇತಿ ಹೇಳ್ರಿ."

ಗ್ಯಾಸು, ಒಂದು ಸೋಡಾ ಕುಡಿದರೆ ಸರಿಹೋಗುತ್ತದೆ ಎಂದೆ. ಆ ಹೊತ್ತಿನಲ್ಲೂ ಹಾಗೇ ಅಂದೆನಂತೆ! ಮರಾಠಿ ಗೃಹಸ್ಥರು ನನ್ನ ಕೈ ಮುಟ್ಟಿ ನೋಡಿ, ತಣ್ಣಗಿದೆ, ಸಾಯನ್‌ನಲ್ಲಿ ಇಳಿಸೋಣ, ದೊಡ್ಡ ಆಸ್ಪತ್ರೆ ಹತ್ತಿರ ಎಂದರು. ಸಾಯನ್ ಬರುವಷ್ಟರಲ್ಲಿ ಆ ಜನಜಂಗುಳಿ ಬಾಗಿಲವರೆಗೆ ದಾರಿ ಬಿಟ್ಟಿತ್ತು. ಬೆಳಗಿನ ಲೋಕಲ್ಲಿನಲ್ಲಿ ಅಂಥ ದಾರಿ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಫಿಟ್ಟರ್ ನನ್ನ ಕಂಕುಳಿಗೆ ಕೈ ಕೊಟ್ಟರು, ಇನ್ಯಾರೋ ಕಾಲು ಹಿಡಿದರು. ಅಂದು ಹಾಜರಿ ತಪ್ಪಿಸಿಕೊಂಡು ನನ್ನನ್ನು ಸೇತುವೆ ಹತ್ತಿಸಿ ಇಳಿಸಿ ಟ್ಯಾಕ್ಸಿಗೆ ಹಾಕಿದವರಲ್ಲಿ, ಹಿಂದಿನ ವಾರವಷ್ಟೇ ನಾನು ಪೇಪರು ಕಿತ್ತುಕೊಂಡಿದ್ದವರೂ ಇದ್ದರು.

ಆಸ್ಪತ್ರೆಯ ಡಾಕ್ಟರು ಎದೆಗೆ ತಂತಿಗಳನ್ನಿಟ್ಟು ಪಟ್ಟಿ ತೆಗೆದು ನೋಡಿ, ಇದು ಹೃದಯಾಘಾತ, ಇನ್ನು ಸ್ವಲ್ಪ ತಡವಾಗಿದ್ದರೆ ಹೇಳುವ ಹಾಗಿರಲಿಲ್ಲ ಎಂದರಂತೆ. ಮರಾಠಿ ಗೃಹಸ್ಥರು ಉಲ್ಟಾ ಗಾಡಿ ಹಿಡಿದು ಮುಲುಂಡಿಗೆ ಹೋಗಿ ನನ್ನ ಹೆಂಡತಿಯನ್ನು ಕರೆತಂದರು. ಅವಳು ಬರುವವರೆಗೆ ಫಿಟ್ಟರ್ ಬಾಗಿಲಲ್ಲೇ ನಿಂತಿದ್ದರು. ಆಂಟಾಪ್ ಹಿಲ್ಲಿನಲ್ಲಿದ್ದ ಅವಳ ತಮ್ಮನ ಮನೆ ಅಲ್ಲಿಂದ ಹತ್ತಿರ. ಎರಡು ಹೊತ್ತೂ ಉಪ್ಪಿಲ್ಲದ ಸಾರು ಅನ್ನ ಅಲ್ಲಿಂದಲೇ ಬರುತ್ತಿತ್ತು.

ಬದುಕಿದೆಯಾ ಬಡಜೀವವೇ ಎಂದು ಮಲಗಿರಬೇಕಾದ ನಾನು, ಸ್ವಲ್ಪ ಚೇತರಿಸಿಕೊಂಡ ಕೂಡಲೇ, ಎಲ್ಲರೆದುರು ನನ್ನ ಕಾನೂನು ನಾನೇ ಮುರಿದೆನಲ್ಲ ಎಂದು ಗೊಣಗತೊಡಗಿದೆ. ಹೆಂಡತಿ ಮೋಸಂಬಿ ಬಿಡಿಸುತ್ತಿದ್ದಳು. ಅಷ್ಟು ದಿನ ನನ್ನೆದುರು ಅತ್ತವಳಲ್ಲ, ಬೈದವಳೂ ಅಲ್ಲ.

"ನಾನು ಬಾಯಿಬಿಟ್ಟು ಹೇಳಿದ್ದು ನೀವು ಕೇಳ್ಲಿಲ್ಲ," ಎಂದಳು. "ಆ ಫಿಟ್ಟರಿಗೆ ನೀವು ಏನೂ ಹೇಳ್ಲೇ ಇಲ್ಲ, ನೀವು ಏಳ್ಲಿಲ್ಲ ಅನ್ನೋದ್ರಿಂದ್ಲೇ ಗೊತ್ತಾಯ್ತು. ಅದೇನು ಕಾನೂನೋ ನಂಗೊತ್ತಿಲ್ಲ. ಆ ದಿನ ಕಷ್ಟಪಟ್ಟು ಎದ್ದು ನಿಂತಿದ್ರೆ ಯಾರು ನೋಡ್ತಿದ್ರು ನಿಮ್ಮನ್ನ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಮೋಸಂಬಿಯ ತೊಳೆ ಬಾಯಿಗಿಟ್ಟಳು. ಅವಳ ಮಾತನ್ನು ಒಪ್ಪಿ ಇನ್ನೊಂದು ತೊಳೆಗೆ ಬಾಯಿ ತೆರೆದದ್ದು ನಮ್ಮ ಸಂಸಾರದಲ್ಲಿ ಅದೇ ಮೊದಲಿರಬೇಕು.

ಮತ್ತೆ ಕೆಲಸಕ್ಕೆ ಹೋಗಲು ಡಾಕ್ಟರು ಒಪ್ಪುವಷ್ಟರಲ್ಲಿ ಹೋಳಿ ಹುಣ್ಣಿಮೆ ಕಳೆದಿತ್ತು. ಈಗ ಸೇತುವೆಯ ಮೇಲೆ ಓಟವಿಲ್ಲ, ಮದುವಣಗಿತ್ತಿಯ ನಡಿಗೆ. ಮರಾಠಿ ಗೃಹಸ್ಥರು ಜಾಗ ಹಿಡಿದಿಟ್ಟಿದ್ದರು. ಹಳಬರೆಲ್ಲ ಆರೋಗ್ಯ ವಿಚಾರಿಸಿದರು, ತಮಾಷೆ ಮಾಡಿದರು. ಆದರೆ ವಿಕ್ರೋಲಿ ದಾಟುತ್ತಲೇ ಮಾತು ನಿಂತುಹೋಯಿತು. ಸುತ್ತ ನೋಡಿದೆ, ಎಲ್ಲರ ಕಣ್ಣೂ ನನ್ನ ಮೇಲಿತ್ತು. ಎದುರಿಗೆ ಕಂಬ ಹಿಡಿದು ನಿಂತಿದ್ದ ಫಿಟ್ಟರ್ ಅಂತೂ ರೆಪ್ಪೆ ಬಡಿಯದೆ ನೋಡುತ್ತಿದ್ದರು. ಗಾಡಿ ಘಾಟ್ಕೋಪರಿನಲ್ಲಿ ನಿಂತಿತು. ನಾನು ಎದ್ದೆ. ಡಬ್ಬಿಯ ತುಂಬ ಬಿಟ್ಟ ಉಸಿರು ನನಗೆ ಕೇಳಿಸಿತು.

ಕೂತುಕೊಳ್ಳಿ ಎಂದು ಜಾಗ ತೋರಿಸಿದೆ. ಫಿಟ್ಟರ್ ಕೂರಲಿಲ್ಲ. ನನ್ನ ಎರಡೂ ಭುಜ ಹಿಡಿದು ಮೆಲ್ಲಗೆ ಕೆಳಗೆ ಒತ್ತಿದರು. "ಎದ್ರಲ್ಲ, ಅಷ್ಟ ಸಾಕು ನಮಗ. ಇನ್ನ ಕೂಡ್ರಿ."

ಆಮೇಲೆ ನಾನು ನಿವೃತ್ತನಾಗುವವರೆಗೂ ಅದೇ ನಡೆಯಿತು. ಘಾಟ್ಕೋಪರ್ ಬಂದಾಗ ನಾನು ಏಳುತ್ತಿದ್ದೆ, ಅವರು ನನ್ನ ಮುಖ ನೋಡಿ ಕೂಡ್ರಿ ಎನ್ನುತ್ತಿದ್ದರು, ನಾನು ಕೂರುತ್ತಿದ್ದೆ.