ಮೂಟೆಗೆ ಆರು ಹೆಸರು

ಗೆಣಸಿನ ಕೊಯ್ಲು ಮುಗಿದು ಒಣಹವೆ ಕೂತಿದೆ. ಪೆಂಟೆಕೋಸ್ಟ್ ದ್ವೀಪದ ಲೋಲ್ಟಾಂಗ್ ದಂಡೆಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಸಹಕಾರ ಸಂಘದ ಗೋದಾಮಿನ ಮುಂದೆ, ಅರೆದು ನೀರಲ್ಲಿ ಕದಡಿ ಕುಡಿಯುವ ಕಾವಾ ಬೇರಿನ ಮೂಟೆಗಳು ಸಾಲುಗಟ್ಟಿವೆ. ನಲವತ್ತಮೂರರ ಎಸ್ಲಿನ್ ಬುಲೆ ಒಂದೊಂದರ ಬಾಯಿ ಬಿಚ್ಚಿ ಬೇರು ಮೂಸುತ್ತಾರೆ, ಲಟಕ್ಕನೆ ಮುರಿದು ಒಣಗಿದೆಯೋ ನೋಡುತ್ತಾರೆ, ಆಮೇಲೆ ತೊಡೆಯ ಮೇಲಿನ ಕಂಪ್ಯೂಟರಿನಲ್ಲಿ ಆ ಮೂಟೆಯ ಜಾತಕ ಬರೆಯುತ್ತಾರೆ.

ದಿನಕ್ಕೆ ಇಪ್ಪತ್ತೇಳು ಮೂಟೆ, ಮೂಟೆಗೆ ಹದಿನಾಲ್ಕು ವಿವರ. ಪ್ರತಿ ವಿವರದ ಹಿಂದೊಂದು ಮುಂದೊಂದು ಗುರುತು: ಇಲ್ಲಿಂದ ತಳಿ, ಇಲ್ಲಿಗೆ ತಳಿ ಮುಗಿಯಿತು; ಇಲ್ಲಿಂದ ತೂಕ, ಇಲ್ಲಿಗೆ ತೂಕ ಮುಗಿಯಿತು. ಕಡಲಾಚೆಯ ಖರೀದಿದಾರರ ಯಂತ್ರ ಓದುವುದು ಗುರುತುಗಳ ನಡುವೆ ಇರುವುದನ್ನು ಮಾತ್ರ.

"ಗುರುತು ಇಲ್ದಿದ್ರೆ ಆ ಸಂಗತಿನೇ ಇಲ್ಲ ಅಂತ ಲೆಕ್ಕ," ಎನ್ನುತ್ತಾರೆ ಎಸ್ಲಿನ್. "ಯಾವ ಗುರುತು ಇರ್ಬೇಕು ಅಂತ ಹೇಳೋನೇ ಯಜಮಾನ."

ಇಷ್ಟು ದಿನ ಹಾಗೆ ಹೇಳುತ್ತಿದ್ದವರು ಪಕ್ಕದ ಸ್ಯಾಂಟೋ ದ್ವೀಪದ ರಫ್ತು ವ್ಯಾಪಾರಿಗಳು. ಅವರು ಮಾಡಿದ ನಮೂನೆಯಲ್ಲಿ ವ್ಯಾಪಾರಿಗೆ ಜಾಗವಿತ್ತು, ಹಡಗಿಗೆ ಜಾಗವಿತ್ತು, ಬೆಳೆದ ಊರಿಗೆ ಇರಲಿಲ್ಲ. "ಮರೆತಿದ್ದಲ್ಲ ಅದು. ಊರು ಗೊತ್ತಾದ್ರೆ ಆಚೆಯವ್ರು ಸೀದಾ ನಮ್ಮ ಹತ್ರಾನೇ ಬಂದ್ಬಿಡ್ತಾರಲ್ಲ!"

'ಮಾಲೀಕ' ಎಂಬಲ್ಲಿ ಒಂದೇ ಹೆಸರು ಹಿಡಿಯುತ್ತಿತ್ತು. ಕಾಡು ಕಡಿದು ಮೊದಲು ಹಸನು ಮಾಡಿದವನದೇ ತೋಟ ಎಂಬುದು ಇಲ್ಲಿಯ ರೂಢಿ. ಹಾಗಾಗಿ ಯಾರನ್ನು ಕೇಳಿದರೂ, ಇಲ್ಲಿ ಮೊದಲು ಕಾಡು ಕಡಿದ ತರಿ ಮೊಲಿಯ ಹೆಸರನ್ನೇ ಬರೆಸಿದರು. ಆತ ತೀರಿಕೊಂಡು ಮೂವತ್ತು ವರ್ಷ. ಒಂದೇ ಹಂಗಾಮಿನಲ್ಲಿ ಇನ್ನೂರ ಹನ್ನೆರಡು ಮೂಟೆ ಆತನ ಹೆಸರಲ್ಲಿ ಹೋದವು. ವ್ಯಾಪಾರಿಗಳ ಸಭೆಯಲ್ಲಿ ನಗುವೋ ನಗು. ಎಸ್ಲಿನ್ ಎದ್ದು, "ನೀವು ಒಬ್ರಿಗೆ ಮಾತ್ರ ಜಾಗ ಇಟ್ರಿ. ನಾವು ಹಿರಿಯರಿಗೆ ಬಿಟ್ಟುಕೊಟ್ವಿ," ಎಂದಾಗ ನಗು ನಿಂತಿತು.

ಸ್ಯಾಂಟೋ ಬಂದರಿನ ಉಗ್ರಾಣದಲ್ಲಿ ಹನ್ನೊಂದು ವರ್ಷ ಗುಮಾಸ್ತೆಯಾಗಿದ್ದು ಎಸ್ಲಿನ್ ಕಲಿತ ಕಸುಬು ಈ ನಮೂನೆ, ಗುರುತುಗಳದ್ದು. ಚಂಡಮಾರುತ ಸೌರಫಲಕ ಒಯ್ದ ವರ್ಷವೂ ಅವರು ವ್ಯಾಪಾರಿಗಳಿಗೆ ಪತ್ರ ಬರೆಯುವುದನ್ನು ಬಿಡಲಿಲ್ಲ. ಊರಿನ ಹೆಸರು ಕಡ್ಡಾಯವಾಗಬೇಕು, ದುಡಿದ ಕೈಗಳು ಎಷ್ಟೋ ಅಷ್ಟು ಹೆಸರಿಗೆ ಜಾಗ ಬೇಕು. ವ್ಯಾಪಾರಿಗಳು ಒಪ್ಪಿದರು, ಆದರೆ 'ಬೇಕಿದ್ದರೆ ತುಂಬಬಹುದು' ಎಂಬ ಷರತ್ತಿನ ಮೇಲೆ.

"ಊಟಕ್ಕೆ ಕರೆದು ಎಲೆ ಹಾಕದ ಹಾಗೆ ಅದು," ಎಸ್ಲಿನ್ ಮೂಗು ಮುರಿಯುತ್ತಾರೆ.

ಕಡ್ಡಾಯವೋ ಅಲ್ಲವೋ ಎಂದು ಸ್ಯಾಂಟೋದ ಸಭೆಯಲ್ಲಿ ಇವತ್ತೇ ತೀರ್ಮಾನ. ಹತ್ತು ಗಂಟೆಗೆ ಮೊಬೈಲಿಗೆ ಸಿಗ್ನಲ್ ಸಿಗುವ ಗುಡ್ಡದ ನೆತ್ತಿಗೆ ಎಸ್ಲಿನ್ ಹಿಂದೆ ನಾವೂ ಏದುಸಿರು ಬಿಡುತ್ತ ಹತ್ತುತ್ತೇವೆ. ಜೊತೆಗೆ ಬಂದ ಅವರ ಮೈದುನ ವಿಲ್ಫ್ರೆಡ್‌ಗೆ ಕೀಟಲೆ ಮಾಡದೆ ಇರಲಾಗದು.

"ಅತ್ತಿಗೇ, ಅಷ್ಟು ಬಿಗಿಯಾಗಿ ಹಿಡೀಬೇಡಿ. ಫೋನು ಅದು, ಕೋಳಿ ಅಲ್ಲ ಹಾರಿಹೋಗೋಕೆ!"

"ಮುಚ್ಚೋ ಬಾಯಿ. ಸೋತ್ರೆ ನಿನ್ನ ಹೆಸರೂ ಹೋಗತ್ತೆ."

ಫೋನು ಬಡಿದುಕೊಳ್ಳುತ್ತದೆ. ಎಸ್ಲಿನ್ ಕೇಳುತ್ತಾರೆ, ಮತ್ತೆ ಕೇಳುತ್ತಾರೆ, ಇದ್ದಕ್ಕಿದ್ದಂತೆ ಕಣಿವೆಗೆಲ್ಲ ಕೇಳುವಂತೆ ಕೂಗು ಹಾಕುತ್ತಾರೆ. "ಕಡ್ಡಾಯ! ಹೆಸರಿಲ್ದಿದ್ರೆ ಯಂತ್ರ ಮೂಟೇನ ಒಪ್ಪಲ್ವಂತೆ!"

ವ್ಯಾಪಾರಿಗಳು ಕರಗಿದರೇ? ಇಲ್ಲವೆಂದು ಎಸ್ಲಿನ್ ತಲೆಯಾಡಿಸುತ್ತಾರೆ. ಬೇರು ಯಾವ ಊರಿನದು, ಯಾರು ಯಾರು ಬೆಳೆದದ್ದು ಎಂದು ತಿಳಿಯದೆ ಹಣ ಕೊಡಲಾರೆವು ಎಂದು ಆಚೆಯ ಖರೀದಿದಾರರೇ ಪಟ್ಟು ಹಿಡಿದರಂತೆ. "ಧರ್ಮಕ್ಕೆ ಮಾಡಿದ್ದಲ್ಲ ಬಿಡಿ. ಈ ಸಲ ಅವರ ಲಾಭ, ನಮ್ಮ ಹೆಸರು ಒಂದೇ ದೋಣಿ ಹತ್ತಿದ್ವು, ಅಷ್ಟೇ."

ಮಧ್ಯಾಹ್ನ ಹಡಗು ಬರುವ ಮೊದಲು ಹೊಸ ನಮೂನೆಯ ಮೊದಲ ಮೂಟೆ ಸಿದ್ಧ. ಅದಕ್ಕೆ ಆರು ಹೆಸರು. ಕೊನೆಯದು ಎಸ್ಲಿನ್‌ರ ತಾಯಿ ರೋಸಿನಾರದು. ಎಪ್ಪತ್ತು ವರ್ಷದಲ್ಲಿ ಅವರು ಕಳೆ ಕೀಳದ ತೋಟವಿಲ್ಲ, ಅವರ ಹೆಸರಿರುವ ಮಾರಾಟದ ಕಾಗದ ಒಂದೂ ಇಲ್ಲ.

"ನಂದು ಎಲ್ಲೇ? ಓದು."

ಎಸ್ಲಿನ್ ಓದುತ್ತಾರೆ. ಮುದುಕಿ ಇನ್ನೊಮ್ಮೆ ಓದಿಸುತ್ತಾರೆ. ಹಡಗಿನ ಆಳುಗಳು ಮೂಟೆಗೆ ಕೈಹಾಕಿದಾಗ ಥಟ್ಟನೆ ಏಳುತ್ತಾರೆ.

"ಏ ಹುಡುಗ್ರಾ, ಎತ್ತಿ ಒಗೀಬೇಡ್ರೋ. ನಾನಿದೀನಿ ಅದ್ರಲ್ಲಿ."