ಸ್ಟ್ಯಾನ್ಮೋರ್ ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಸರಿದ ಗೇರು

ನಾನು ಕೂತಿದ್ದದ್ದು ಕಾರಿನ ಹಿಂದಿನ ಸೀಟಿನ ನಟ್ಟನಡುವೆ. ಕಾರು ಇದ್ದದ್ದು ಸ್ಟ್ಯಾನ್ಮೋರ್‌ನ ಇಳಿಜಾರು ರಸ್ತೆಯ ಮೇಲ್ತುದಿಯಲ್ಲಿ. ಮೂರು ವರ್ಷದ ಹಿಂದೆ, ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ. ಬಿಸಿಲಿತ್ತು, ರಸ್ತೆ ಒಣಗಿತ್ತು. ಇದನ್ನೆಲ್ಲ ಮೊದಲೇ ಹೇಳಲು ಕಾರಣವಿದೆ. ಇಂಥ ಸಂಗತಿಗಳನ್ನು ಯಾರಾದರೂ ಹೇಳಿದಾಗ ನೀವು ಎಲ್ಲಿದ್ದಿರಿ, ಬೆಳಕು ಎಷ್ಟಿತ್ತು ಎಂದು ಕೇಳುತ್ತಿದ್ದವನು ನಾನೇ. ಅವರು ತಡವರಿಸಿದರೆ ನಕ್ಕು ಬೇರೆ ಮಾತು ತೆಗೆಯುತ್ತಿದ್ದೆ. ಈಗ ನೀವು ನನ್ನನ್ನು ಕೇಳಬಹುದು.

ಕಾರು ಫೆಲಿಕ್ಸನದು. ಉಡುಪಿ ಕಡೆಯವನು; ಎಜ್‌ವೇರ್‌ನಲ್ಲಿ ನಮ್ಮ ಪಕ್ಕದ ಮನೆ. ಈ ದೇಶಕ್ಕೆ ಬರುವ ಮೊದಲು ಊರಲ್ಲಿ ಘಟ್ಟ ಹತ್ತಿಳಿಯುವ ಬಾಡಿಗೆ ಕಾರು ಓಡಿಸುತ್ತಿದ್ದ. ಅಲ್ಲಿ ಹತ್ತಿದ ಒಂದು ಅಭ್ಯಾಸ ಅವನನ್ನು ಬಿಡಲಿಲ್ಲ. ಇಳಿಜಾರು ಸಿಕ್ಕಿತೆಂದರೆ ಗೇರನ್ನು ನ್ಯೂಟ್ರಲ್‌ಗೆ ತಳ್ಳಿ, ಪೆಟ್ರೋಲ್ ಉಳಿಯುತ್ತದೆಂದು ಕಾರನ್ನು ಹಾಗೇ ಉರುಳಲು ಬಿಡುವುದು. ಆಟೊಮ್ಯಾಟಿಕ್ ಕಾರಿನಲ್ಲಿ ಅದರಿಂದ ಉಳಿಯುವುದು ಏನೂ ಇಲ್ಲ, ಗೇರ್‌ಬಾಕ್ಸ್ ಹಾಳಾದೀತು ಎಂದು ನಾನು ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. "ನೀವು ಕಂಪ್ಯೂಟರಿನವರು. ನಿಮಗೆ ಇಳಿಜಾರು ಗೊತ್ತುಂಟಾ ಮಾರಾಯ್ರೆ?" ಎನ್ನುತ್ತಿದ್ದ. ಆ ಫೆಬ್ರವರಿಯ ಹಿಂದಿನ ಅಕ್ಟೋಬರಿನಲ್ಲಿ ಅಡುಗೆಮನೆಯಲ್ಲಿ ನಿಂತಲ್ಲೇ ಕುಸಿದ. ಆಂಬ್ಯುಲೆನ್ಸ್ ಬರುವಷ್ಟರಲ್ಲಿ ಮುಗಿದಿತ್ತು.

ಅವನ ಹೆಂಡತಿ ಲಿಲ್ಲಿ ಬಾಯಿ ಆಸ್ಪತ್ರೆಯಲ್ಲಿ ನರ್ಸ್. ಬೆಳಗಿನ ಡ್ಯೂಟಿಗೆ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ. ಅವರಿಗೆ ಆ ಕಾರೇ ಗತಿ. ಕ್ರಿಸ್ಮಸ್ ಹೊತ್ತಿಗೆ ಗೇರ್‌ಬಾಕ್ಸ್ ಕೆಟ್ಟಿತು. ಇಲ್ಫರ್ಡ್‌ನಲ್ಲಿ ಗ್ಯಾರೇಜ್ ಇಟ್ಟಿರುವ ಹುಬ್ಬಳ್ಳಿಯ ಮೆಹಬೂಬ್ ಒಳಗಿನ ಸಾಮಾನು ಬದಲಿಸಿ ಕೊಟ್ಟ. ಆಮೇಲೆ ಶುರುವಾಯಿತು ಬೇರೆಯೇ ಕಾಟ. ಗೇರು ಬದಲಾದಾಗಲೆಲ್ಲ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಕಾರು ಜಿಗಿಯುತ್ತಿತ್ತು. ಮೊದಲು ವಾರಕ್ಕೂ ಹೆಚ್ಚು ಬರುತ್ತಿದ್ದ ಪೆಟ್ರೋಲ್, ಸೋಮವಾರ ತುಂಬಿಸಿದರೆ ಶುಕ್ರವಾರದೊಳಗೆ ಖಾಲಿ. ಒಂದು ದಿನ ಝೀಬ್ರಾ ಕ್ರಾಸಿಂಗ್‌ನಲ್ಲಿ ನಿಲ್ಲಿಸಲು ಹೋದಾಗ ಕಾರು ಮುಂದಕ್ಕೆ ನುಗ್ಗಿ, ಮಗುವಿನ ಗಾಡಿ ತಳ್ಳುತ್ತಿದ್ದ ಹೆಂಗಸೊಬ್ಬಳ ತೀರ ಹತ್ತಿರ ನಿಂತಿತಂತೆ. ಅಂದು ಲಿಲ್ಲಿ ಬಾಯಿ ನಮ್ಮ ಮನೆಗೆ ಬಂದು ಕೀ ನನ್ನ ಕೈಗಿಟ್ಟರು. "ನನ್ನಿಂದ ಆಗೂದಿಲ್ಲ. ನೀವೇ ಎಂತಾದರೂ ನೋಡಿ."

ಆ ಭಾನುವಾರ ಮೆಹಬೂಬ್ ಬಂದ. ಕಾರಿನ ಕಂಪ್ಯೂಟರಿಗೆ ತನ್ನ ಉಪಕರಣ ಜೋಡಿಸಿ ನೋಡಿ, ಸ್ವಲ್ಪ ನಾಚಿಕೊಂಡೇ ಹೇಳಿದ: "ಅಕ್ಕಾರ, ಈ ಗೇರ್‌ಬಾಕ್ಸ್ ಓಡ್ಸೋರ ಕಾಲಿನ ಗುಣ ಕಲ್ತಿರ್ತೈತ್ರಿ. ಸಾಮಾನ ಹೊಸಾದು ಹಾಕೀನಿ, ನೆನಪು ಹಳೇದ ಉಳದೈತಿ. ಅದನ್ನ ಅಳಸೂದು ಮರ್ತಿದ್ದೆ."

"ಅವರು ಓಡಿಸಿದ್ದೆಲ್ಲ ಹೋಗ್ತದಾ?" ಎಂದು ಕೇಳಿದರು ಲಿಲ್ಲಿ ಬಾಯಿ.

ಮೆಹಬೂಬ್ ನನ್ನ ಮುಖ ನೋಡಿದ. ಅದರಲ್ಲಿರುವುದು ಬರೀ ಅಂಕಿಗಳು ಎಂದು ಹೇಳಬೇಕೆಂದುಕೊಂಡೆ.

"ಹೋಗ್ತೈತ್ರಿ," ಎಂದ ಅವನೇ.

ಅವರು ಕಾರಿನ ಮೇಲೆ ಕೈಯಿಟ್ಟು ನಿಂತರು. ಆಮೇಲೆ, "ಅಳಿಸಿ. ಆದರೆ ಓಡಿಸುವುದು ನಾನು," ಎಂದರು.

ಅಳಿಸಿದ ಮೇಲೆ ಕಾರು ಹೊಸದಾಗಿ ಕಲಿಯಲು ಏರಿಳಿತವಿರುವ ದಾರಿಯಲ್ಲಿ ನಿಧಾನವಾಗಿ ಓಡಿಸಬೇಕಿತ್ತು. ಹಾಗಾಗಿ ಸ್ಟ್ಯಾನ್ಮೋರ್ ಕಡೆ ಹೋದೆವು. ಏರುವಾಗ ಜಿಗಿತ ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ಮೇಲೆ ಕಾರು ತಿರುಗಿಸಿಕೊಂಡು ಇಳಿಯಲು ಹೊರಟೆವು.

ಆಗ ಗೇರಿನ ಹಿಡಿ ಡ್ರೈವ್‌ನಿಂದ ನ್ಯೂಟ್ರಲ್‌ಗೆ ಸರಿಯಿತು. ಲಿಲ್ಲಿ ಬಾಯಿಯ ಎರಡೂ ಕೈ ಸ್ಟೀರಿಂಗ್ ಮೇಲಿದ್ದವು. ಪಕ್ಕದ ಸೀಟಿನಲ್ಲಿದ್ದ ಮೆಹಬೂಬ್ ಎರಡೂ ಕೈಯಲ್ಲಿ ಉಪಕರಣ ಹಿಡಿದಿದ್ದ. ನನ್ನ ಕೈ ನನ್ನ ಮಂಡಿಯ ಮೇಲಿತ್ತು. ಹಿಡಿ ಜಾರಿ ಬಿದ್ದ ಹಾಗೆ ಇರಲಿಲ್ಲ. ಅಂಗೈಯಿಂದ ಮೆಲ್ಲಗೆ ತಳ್ಳಿದ ಹಾಗೆ ಹೋಯಿತು. ಎಂಜಿನ್ನಿನ ಸದ್ದು ಇಳಿದು, ಕಾರು ತನ್ನಷ್ಟಕ್ಕೆ ಉರುಳತೊಡಗಿತು.

"ಅಕ್ಕಾರ, ನೀವೇನರ ಮುಟ್ಟಿದ್ರೇನು?" ಎಂದ ಮೆಹಬೂಬ್.

ಅವರು ಬ್ರೇಕ್ ಒತ್ತಲಿಲ್ಲ. ಅರ್ಧ ಇಳಿಜಾರು ಹಾಗೇ ಇಳಿದ ಮೇಲೆ, ಊಟಕ್ಕೆ ಕೂತಾಗ ಗಂಡನಿಗೆ ಹೇಳುವ ದನಿಯಲ್ಲಿ, "ಪುರೊ, ಫೆಲಿಕ್ಸ್," ಎಂದರು. ಕೊಂಕಣಿಯಲ್ಲಿ ಸಾಕು ಎಂದು. ಇನ್ನು ನಾನು ಓಡಿಸುತ್ತೇನೆ ಎಂದೂ ಅದೇ ಭಾಷೆಯಲ್ಲಿ ಸೇರಿಸಿದರು.

ಹಿಡಿ ಹಿಂದಕ್ಕೆ ಬಂದು ಡ್ರೈವ್‌ನಲ್ಲಿ ಕೂತಿತು. ಅಲ್ಲಿಂದ ಮನೆಯವರೆಗೆ ಕಾರು ಒಂದು ಸಲವೂ ಜಿಗಿಯಲಿಲ್ಲ.

ಮರುದಿನ ಮೆಹಬೂಬ್ ಹಿಡಿಯ ಕೆಳಗಿನ ಮುಚ್ಚಳ ತೆಗೆದು ಕೇಬಲ್, ಸ್ಪ್ರಿಂಗ್ ಎಲ್ಲ ಪರೀಕ್ಷಿಸಿದ. ಸಡಿಲವಿದ್ದದ್ದು ಏನೂ ಸಿಗಲಿಲ್ಲ. ನಾನೂ ಹಿಡಿಯನ್ನು ಬಡಿದು, ಅಲ್ಲಾಡಿಸಿ ನೋಡಿದೆ. ಬೇಕೆಂದೇ ತಳ್ಳದೆ ಅದು ಕದಲುವುದಿಲ್ಲ. ಪೆಟ್ರೋಲ್ ಮತ್ತೆ ಮೊದಲಿನಷ್ಟೇ ಬರುತ್ತಿದೆ, ಗೇರು ಬೆಣ್ಣೆಯ ಹಾಗೆ ಬದಲಾಗುತ್ತದೆ. ಹಳೆಯ ನೆನಪು ಅಳಿಸಿದ್ದರಿಂದ ಎಂದರೆ ಒಪ್ಪುತ್ತೇನೆ. ಹಿಡಿ ನ್ಯೂಟ್ರಲ್‌ಗೆ ಹೋದದ್ದಕ್ಕೂ ಕಷ್ಟಪಟ್ಟರೆ ಏನಾದರೊಂದು ಕಾರಣ ಹುಡುಕಿಯೇನು. ತಿರುಗಿ ಬಂದದ್ದಕ್ಕೆ ಎಲ್ಲಿ ಹುಡುಕಲಿ?

ಇದನ್ನು ಕಂಡವರು ನಾನಲ್ಲದೆ ಇಬ್ಬರು. ಮೆಹಬೂಬ್ ಇಲ್ಫರ್ಡ್‌ನಲ್ಲೇ ಇದ್ದಾನೆ. ಆ ಮಾತು ತೆಗೆದರೆ ಚಹಾ ತರಿಸುತ್ತಾನೆ. ಲಿಲ್ಲಿ ಬಾಯಿ ನಮ್ಮ ಪಕ್ಕದಲ್ಲೇ ಇದ್ದಾರೆ, ಈ ಬೆಳಿಗ್ಗೆಯೂ ಅದೇ ಕಾರಿನಲ್ಲಿ ಡ್ಯೂಟಿಗೆ ಹೋದರು. ಒಮ್ಮೆ ಧೈರ್ಯ ಮಾಡಿ ಅವರನ್ನೂ ಕೇಳಿದೆ, ಹಿಡಿ ಸರಿದದ್ದು ನಿಮಗೆ ಹೇಗೆ ಕಂಡಿತು ಎಂದು.

"ನಾನು ರಸ್ತೆ ನೋಡ್ತಾ ಇದ್ದೆ ಮಾರಾಯ್ರೆ," ಎಂದರು. "ಗೇರ್ ಕಡೆ ನೋಡ್ಲೇ ಇಲ್ಲ."