ಮೂರು ತುಂಡು ಕೂಗು

ಎರಡು ವರ್ಷಗಳ ಹಿಂದೆ, ಸ್ಟುಡಿಯೋ ಕೆಲಸದಿಂದ ನಿವೃತ್ತನಾಗಿ ಶಿವಮೊಗ್ಗದ ಕಾಲೇಜೊಂದರಲ್ಲಿ ಸೌಂಡ್ ಡಿಸೈನ್ ಕಲಿಸಲು ಸೇರಿದ್ದೆ. ಚಿತ್ರದಲ್ಲಿ ಯಾವ ಶಬ್ದ ಎಲ್ಲಿ, ಎಷ್ಟು ಜೋರಾಗಿ, ಯಾರ ಕಿವಿಯಿಂದ ಕೇಳಬೇಕೆಂದು ನಿರ್ಧರಿಸುವ ಕೆಲಸ ಅದು. ಮೂವತ್ತು ವರ್ಷ ಪಳಗಿದವನೆಂಬ ಜಂಬ ನನಗೆ ಕೊಂಚ ಹೆಚ್ಚೇ ಇತ್ತು.

ವಿದ್ಯಾರ್ಥಿನಿ ಕಾವ್ಯ ಭದ್ರಾವತಿ ನ್ಯೂಟೌನಿನವಳು. ಅವಳ ಆರು ನಿಮಿಷದ ಚಿತ್ರದಲ್ಲಿ ಇದ್ದದ್ದಿಷ್ಟೇ: ಕಾರ್ಖಾನೆಯ ಶಿಫ್ಟ್ ಮುಗಿಯುವ ಹೊತ್ತು, ಅಡುಗೆಮನೆಯಲ್ಲಿ ಹೆಂಗಸೊಬ್ಬಳು ಗಂಡನ ದಾರಿ ಕಾಯುತ್ತಾಳೆ. ಅದು ಅವಳ ತಾಯಿ ಜಯಮ್ಮನ ಕಥೆ. ಕಾರ್ಖಾನೆಯಲ್ಲಿ ಅಪ್ಪನ ಕೈಗೆ ಪೆಟ್ಟಾದ ಮೇಲೆ ಆ ದಿನಗಳ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲವಂತೆ.

"ಇದನ್ನ ನೋಡಿದ್ರಾದ್ರೂ ಅಮ್ಮ ಬಾಯಿ ಬಿಡ್ತಾಳೇನೋ ಸರ್," ಎಂದಿದ್ದಳು.

ಕಾರ್ಖಾನೆಯ ಸೈರನ್ನನ್ನು ಅವರ ಮನೆಯಲ್ಲಿ ಕೂಗು ಎನ್ನುತ್ತಿದ್ದರು. ಕಾವ್ಯ ಒಂದೇ ಒಂದು ಉದ್ದ ಕೂಗು ಇಟ್ಟಿದ್ದಳು. ನನಗೆ ಸಪ್ಪೆ ಅನಿಸಿತು. ಕತ್ತರಿಸಿ ಮೂರು ತುಂಡು ಮಾಡಿ, ನಡುನಡುವೆ ಮೌನ ಇಟ್ಟೆ. ದೃಶ್ಯಕ್ಕೆ ದಿಗಿಲು ಬಂತು.

"ನಮ್ಮೂರಲ್ಲಿ ಕೂಗು ಉದ್ದಕ್ಕೇ ಇರ್ತಿತ್ತು ಸರ್."

"ಮೂಡ್ ಮುಖ್ಯ ಕಣಮ್ಮ, ನಿಮ್ಮೂರಲ್ಲ," ಎಂದು ಬಾಯಿ ಮುಚ್ಚಿಸಿದೆ.

ಪ್ರದರ್ಶನಕ್ಕೆ ಅವಳ ಅಪ್ಪ ಅಮ್ಮ ಇಬ್ಬರೂ ಬಂದಿದ್ದರು. ಮೂರನೇ ತುಂಡು ಮುಗಿಯುವಷ್ಟರಲ್ಲಿ ಜಯಮ್ಮ ಎದ್ದು, ಚಪ್ಪಲಿಯನ್ನೂ ಮೆಟ್ಟದೆ ಬಾಗಿಲಿಗೆ ಓಡಿದರು. "ಯಾರಿಗಾಯ್ತು? ಯಾವ ಸೆಕ್ಷನ್ನು?" ಎಂದು ಎದುರು ಸಿಕ್ಕವರನ್ನೆಲ್ಲ ಕೇಳುತ್ತಿದ್ದರು. ಗಂಡ ಹಿಂದೆಯೇ ಹೋಗಿ, ಎರಡು ಬೆರಳಿಲ್ಲದ ಕೈಯಿಂದ ಅವರ ತೋಳು ಹಿಡಿದರು.

"ನಾನಿಲ್ಲೇ ಇದೀನಿ ಮಾರಾಯ್ತಿ. ನೋಡಿಲ್ಲಿ."

ಆಮೇಲೆ ಕಾವ್ಯಳ ಅಪ್ಪನೇ ವಿವರಿಸಿದರು. ಉದ್ದ ಕೂಗೆಂದರೆ ಶಿಫ್ಟು. ತುಂಡು ಕೂಗೆಂದರೆ ಒಳಗೆ ಅಪಘಾತ. ಕೇಳಿದ ಹೆಂಗಸರೆಲ್ಲ ಗೇಟಿಗೆ ಓಡುತ್ತಿದ್ದರು. ಅವರ ಬೆರಳು ಹೋದಾಗ ಕಾವ್ಯ ಇನ್ನೂ ತೊಟ್ಟಿಲಲ್ಲಿದ್ದಳು, ಅವಳಿಗಿದು ಗೊತ್ತಿರಲಿಲ್ಲ. ನಾನು ನಾಚಿಕೆಯಿಂದ ಕುಗ್ಗಿಹೋದೆ. ಕಾವ್ಯ ನನ್ನ ಮುಖವನ್ನೂ ನೋಡಲಿಲ್ಲ.

ಮುಂದಿನ ವಾರ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಜಯಮ್ಮ ಒಪ್ಪಿದ ಮೇಲೆ ಹೆಡ್‌ಫೋನ್ ಕೊಟ್ಟು ಉದ್ದ ಕೂಗು ಕೇಳಿಸಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

"ಇಷ್ಟೇ ಅಲ್ಲ. ಇದಾದ್ಮೇಲೆ ನಮ್ಮನೆಯವ್ರ ಸೈಕಲ್ ಬೆಲ್ ಬರ್ಬೇಕು. ಅದು ಬರೋವರ್ಗೂ ನಂಗೆ ಉಸಿರೇ ಆಡ್ತಿರ್ಲಿಲ್ಲ."

ಅಮ್ಮನ ಬಾಯಿಂದ ಕಾವ್ಯ ಆ ಮಾತು ಕೇಳಿದ್ದು ಅದೇ ಮೊದಲು. ಹಿತ್ತಲಲ್ಲಿ ತುಕ್ಕು ಹಿಡಿದು ನಿಂತಿದ್ದ ಸೈಕಲ್ಲಿನ ಬೆಲ್ಲನ್ನು ಅಪ್ಪನೇ ಬಾರಿಸಿದರು, ಮಗಳು ರೆಕಾರ್ಡ್ ಮಾಡಿದಳು. ಈಗ ಚಿತ್ರ ಆ ಬೆಲ್ಲಿನಿಂದಲೇ ಮುಗಿಯುತ್ತದೆ. ಜಯಮ್ಮ ಮಾತ್ರ ಮತ್ತೆ ಅದನ್ನು ನೋಡಲು ಕೂರಲಿಲ್ಲ.

ಮೂವತ್ತು ವರ್ಷದಲ್ಲಿ ಕಲಿಯದ್ದನ್ನು ಆ ಬರಿಗಾಲಿನ ಓಟ ಕಲಿಸಿತು. ಈಗ ವಿದ್ಯಾರ್ಥಿಗಳು ಯಾವ ಶಬ್ದ ತಂದರೂ ಮೂಡ್ ಯಾವುದೆಂದು ನಾನು ಕೇಳುವುದಿಲ್ಲ. ಇದನ್ನು ಕೇಳಿ ಎದ್ದು ಓಡುವವರು ಯಾರು ಎಂದು ಕೇಳುತ್ತೇನೆ.